ಮಗುಚಿದ ಗಾಡಿ

ಹೊಗೆ ಕಣ್ಣಿಗೆ ಬಂತು, ಒರೆಸಿಕೊಳ್ಳೋಣವೆಂದರೆ ಕೈಗೆ ಬಿಡುವಿಲ್ಲ, ಎರಡೂ ಕೈ ದೇವೀರಿಯ ಕಾಲ ಮೇಲಿವೆ, ಹೆತ್ತ ಮಗಳ ಕಾಲನ್ನು ಕುರಿ ಕೊಯ್ಯುವಾಗ ಹಿಡಿಯುವ ಹಾಗೆ ನೆಲಕ್ಕೆ ಒತ್ತಿ ಹಿಡಿದು ಕೂತಿದ್ದಾಳೆ ಚಿಕ್ಕನಂಜಮ್ಮ, ಥೂ ಈ ಹೊಗೆ, ಆಲೆಮನೆ ಒಲೆಗೆ ಹಸಿ ಸಿಪ್ಪೆ ತುರುಕಿದ್ದಾರೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಗೊಳಗೊಳ ಕುದಿಯುತ್ತಿದೆ, ಆಚೆ ಗಾಣದ ಕಿರ್ರೋ ಕಿರ್ರೋ, ಎತ್ತುಗಳು ಸುತ್ತುತ್ತಿವೆ, ಯಾರಿಗೆ ಬರೆ ಹಾಕಿದರೆ ಅವಕ್ಕೇನು — ಗಟ್ಟಿಯಾಗಿ ಇಡ್ಕಮ್ಮಿ, ಒದ್ದುಬುಟ್ಟಾಳು, ಎನ್ನುತ್ತಿದ್ದಾಳೆ ಅತ್ತೆ ದೊಡ್ಡತಾಯಮ್ಮ, ಮಗುವಿನ ತಲೆಯನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಗಂಡ ಅಂಕಯ್ಯ ಎರಡೂ ಕೈ ಹಿಡಿದಿದ್ದಾನೆ, ಹಲಗೂರಿನ ಮಂತ್ರವಾದಿ ಮುದ್ದಯ್ಯ ಒಲೆಯ ಬಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಸಲಾಕೆಯಿಂದ ಕೆಂಡ ಕೆದಕುತ್ತಿದ್ದಾನೆ, ಕೆಂಡದೊಳಗೆ ಗಾಲಿಯಿದೆ. ದೇವೀರಿಯ ಆಟದ ಗಾಡಿಯ ಗಾಲಿ. ಮರವೆಲ್ಲ ಉರಿದುಹೋಗಿ ಸುತ್ತಿನ ಕಬ್ಬಿಣದ ಪಟ್ಟಿ ಮಾತ್ರ ಉಳಿದಿದೆ, ಕೂಸಿನ ಕೈಬಳೆಯಷ್ಟು, ಅದು ಕೆಂಪಗೆ ಕಾದ ಮೇಲೆ ಹೊಕ್ಕುಳ ಸುತ್ತ ಒತ್ತುತ್ತಾನೆ, ಬೇರೆ ಮಕ್ಕಳಿಗೆ ಅರಿಶಿನದ ಕೊಂಬು, ಬಳೆಚೂರು, ಇವಳಿಗೆ ಮಾತ್ರ ಇವಳದೇ ಗಾಲಿ, ಗಾಲಿ ಇಡ್ಕಂಡದೆ ಈ ಮಗೀನ, ಗಾಲೀಲೇ ಬುಡಿಸ್ಬೇಕು ಅಂದನಲ್ಲ ಬೆಳಿಗ್ಗೆ, ಇವತ್ತು ಬಿಡದಿದ್ದರೆ — ಇವತ್ತು ಬಿಡದಿದ್ದರೆ ಮುತ್ತತ್ತಿ ಕಾಡಿಗೆ ಬುಟ್ಟು ಬತ್ತೀನಿ ಅಂದಿದ್ದಾನೆ ಅಂಕಯ್ಯ, ಅಂದರೆ ಅಂದ ಹಾಗೇ ಮಾಡುವ ಮನುಷ್ಯ, ಅದಕ್ಕೇ ಅವಳು ಆಗಲಿ ಅಂದಳು, ಬರೆಯಾದರೆ ಮಾಯುತ್ತದೆ, ಕಾಡಿಗೆ ಹೋದ ಮಗು ಬರುವುದಿಲ್ಲ. ಹೊಟ್ಟೆಯೊಳಗಿನದು ಒದೆಯಿತು.

ಗಾಡಿ ತಂದವನು ಚಿಕ್ಕನಂಜಮ್ಮನ ಅಪ್ಪ, ನಿಡಘಟ್ಟದ ಚಿಕ್ಕಬೋರಯ್ಯ, ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಬಂದಿದ್ದ, ಆಚಾರಿಯನ್ನು ಕಾಡಿ ಬೇಡಿ ಮಾಡಿಸಿದ್ದು, ಜಾಲಿ ಮರದ ಗಾಲಿಗೆ ಪೀಪಾಯಿಯ ಪಟ್ಟಿ, ಯುದ್ಧ ಬಂದು ಒಂದು ಮೊಳೆಗೂ ಪರದಾಡುವ ಕಾಲದಲ್ಲಿ ಆಟದ ಗಾಡಿಗೆ ಕಬ್ಬಿಣವಂತೆ, ನಿಮ್ಮಪ್ಪಂಗೆ ತಲೆ ಕೆಟ್ಟದೆ ಎಂದು ನಕ್ಕಿದ್ದ ಅಂಕಯ್ಯ, ನಗುತ್ತಲೇ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿದ್ದ, ಆಗ ಅವನಿಗೂ ಮಗಳೆಂದರೆ ಜೀವ, ಹೆಗಲಿಂದ ಇಳಿಸುತ್ತಿರಲಿಲ್ಲ — ಕೇರಿಯ ಮಕ್ಕಳೆಲ್ಲ ಮುತ್ತಿಕೊಂಡವು, ಮಣ್ಣು ತುಂಬಿ ಕಬ್ಬು ಅಂದವು, ಮಂಡ್ಯದ ಕಾರ್ಖಾನೆಗೆ ಹೊಡೀತೀವಿ ಅಂದವು, ಹೋಯ್ ಹೋಯ್ ಅನ್ನುತ್ತ ಅಂಗಳ ಸುತ್ತಿದವು, ದೇವೀರಿ ಬಂದವಳೇ ಕಿತ್ತುಕೊಂಡು ಮಗುಚಿದಳು. ಮಣ್ಣೆಲ್ಲ ಸುರಿದುಹೋಯಿತು. ಮಗುಚಿ, ನೆಲಕ್ಕೆ ಕೆನ್ನೆಯಿಟ್ಟು ಮಲಗಿ, ಒಂದು ಗಾಲಿಯನ್ನು ಬೆರಳಿನಿಂದ ತಟ್ಟಿದಳು, ಗಾಲಿ ತಿರುಗಿತು, ಕಣ್ಣಿನ ಮೂಲೆಯಿಂದ ನೋಡಿದಳು, ನಿಲ್ಲುವ ಹೊತ್ತಿಗೆ ಮತ್ತೆ ತಟ್ಟಿದಳು, ಮಕ್ಕಳು ಬೇಸತ್ತು ಎದ್ದು ಹೋದವು, ಹೊತ್ತು ಇಳಿಯಿತು, ಅವಳು ಏಳಲಿಲ್ಲ, ಹೆಸರು ಹಿಡಿದು ಕೂಗಿದರೂ ತಿರುಗಲಿಲ್ಲ, ಕಿವಿ ಕೇಳದೇನೋ ಎಂದರೆ ಊರಾಚೆಯ ಗಾಣ ಕಿರ್ರ್ ಅಂದರೆ ಸಾಕು, ತಟ್ಟನೆ ಅತ್ತ ತಿರುಗಿ ತಾನೂ ಕಿರ್ರ್ ಅನ್ನುತ್ತಾಳೆ, ಅಮ್ಮ ಅನ್ನದ ಬಾಯಿ. ಮಣ್ಣಿನ ಗೊಂಬೆ ಕೊಟ್ಟರೆ ಮಲಗಿಸಲಿಲ್ಲ, ಜೋಜೋ ಅನ್ನಲಿಲ್ಲ, ನೆಕ್ಕಿ ನೋಡಿ ಗೋಡೆಗೆ ಒರಗಿಸಿದಳು, ಹುಣಸೆಬೀಜ ಕೊಟ್ಟರೆ ಹೊಸ್ತಿಲುದ್ದಕ್ಕೂ ಸಾಲಿಟ್ಟಳು, ಅತ್ತೆ ದಾಟುವಾಗ ಒಂದು ಬೀಜ ಕಾಲಿಗೆ ತಾಗಿ ಉರುಳಿತು ನೋಡಿ, ಮಗು ಹಣೆಯನ್ನು ಹೊಸ್ತಿಲಿಗೆ ಚಚ್ಚಿಕೊಂಡ ರಭಸಕ್ಕೆ ಅರಿಶಿನ ಬಳಿದ ಮರದ ಮೇಲೆ ರಕ್ತ ಇಳಿಯಿತು. ಹೊಸ್ಲು ಮೇಲೆ ರಕ್ತ ಬಿದ್ದ ಮನೆ ಉದ್ಧಾರ ಆದದಾ, ಅಂದಳು ಅತ್ತೆ. ಆ ಬೀಜವನ್ನು ಎತ್ತಿ ಅದರ ಜಾಗದಲ್ಲಿ ಇಟ್ಟಿದ್ದರೆ ಸಾಕಿತ್ತು, ಅಷ್ಟೇ, ಒಂದು ಹುಣಸೆಬೀಜ, ಅದು ಯಾರಿಗೂ ತೋಚಲಿಲ್ಲ, ಕಪಾಳಕ್ಕೆ ಬಾರಿಸುವುದು ಮಾತ್ರ ಎಲ್ಲರಿಗೂ ತೋಚಿತು.

ಆದರೂ ಗಾಡಿಗಾಗಿ ಯಾರೂ ಮಗುವನ್ನು ಸುಡುವುದಿಲ್ಲ, ತೊಟ್ಟಿಲು, ಆ ಹಾಳು ತೊಟ್ಟಿಲು — ಚಲುವರಾಜು ಹುಟ್ಟಿದಾಗ ಕಟ್ಟಿದ್ದು, ಗಂಡು ಕೂಸು, ಅತ್ತೆಯ ಮುಖ ಹಬ್ಬವಾಗಿತ್ತು, ತೊಟ್ಟಿಲ ಮೇಲೆ ಬಣ್ಣದ ಗಿಳಿಗಳನ್ನು ದಾರದಲ್ಲಿ ಇಳಿಬಿಟ್ಟಿದ್ದಳು, ದೇವೀರಿಗೆ ತಮ್ಮ ಬೇಕಿರಲಿಲ್ಲ, ಗಿಳಿ ಬೇಕಿತ್ತು, ಗಿಳಿಯೂ ಅಲ್ಲ, ಗಿಳಿ ಗಿರಗಿರ ಸುತ್ತುವುದು ಬೇಕಿತ್ತು, ಕೂಸನ್ನು ನೀರು ಹಾಕಲು ಎತ್ತಿಕೊಂಡು ಹೋದರೆ ಸಾಕು, ಬಂದು ಖಾಲಿ ತೊಟ್ಟಿಲು ತಳ್ಳುತ್ತಿದ್ದಳು. ಖಾಲಿ ತೊಟ್ಟಿಲು ತೂಗಬಾರದು, ತೂಗಿದರೆ ಅದರ ಕೂಸಿಗೆ ಉಳಿಗಾಲವಿಲ್ಲ, ಇದು ಕೇರಿಯ ಯಾವ ಹೆಂಗಸಿಗೆ ಗೊತ್ತಿಲ್ಲ, ಚಿಕ್ಕನಂಜಮ್ಮನಿಗೆ ಗೊತ್ತಿಲ್ಲವಾ, ಬೇಡ ಮಗ ಬೇಡ ಅಂತ ಎಷ್ಟು ಸಲ ಕೈ ಹಿಡಿದು ಎಳೆದಳು, ಎಳೆದರೆ ಕೂಗು, ಬಿಟ್ಟರೆ ತೂಗು, ಆಮೇಲೆ ಜ್ವರ ಬಂತು, ಕೂಸು ಹಾಲು ಬಿಟ್ಟಿತು, ಒಂದು ಮಧ್ಯಾಹ್ನ ಸೆಟೆದುಕೊಂಡು ಹಾಗೇ ತಣ್ಣಗಾಯಿತು. ಮಣ್ಣು ಮಾಡಿ ಮನೆಗೆ ಬಂದಾಗ ಅಂಕಯ್ಯನ ಕೈಯಲ್ಲಿ ಇನ್ನೂ ಗುಂಡಿಯ ಮಣ್ಣಿತ್ತು, ಒಳಗೆ ದೇವೀರಿ ತೂಗುತ್ತಿದ್ದಾಳೆ, ಖಾಲಿ ತೊಟ್ಟಿಲು, ಗಿಳಿಗಳು ಸುತ್ತುತ್ತಿವೆ, ಗೂಟದಲ್ಲಿದ್ದ ಬಾರುಕೋಲು ತೆಗೆದುಕೊಂಡ, ಎತ್ತಿಗೂ ಹಾಗೆ ಹೊಡೆದವನಲ್ಲ, ಬೆನ್ನಿಗೆ, ಕುಂಡೆಗೆ, ಬೆನ್ನಿಗೆ, ಲಂಗ ಹರಿದು ಚರ್ಮಕ್ಕೆ ಅಂಟಿತು, ಮಗು ಏಟಿಗೆ ಅಳಲಿಲ್ಲ, ಕಣ್ಣು ಗಿಳಿಯ ಮೇಲೇ, ತೊಟ್ಟಿಲು ಮೆಲ್ಲಗೆ ನಿಂತಿತಲ್ಲ, ಆಗ ಅತ್ತಿತು. ಅದನ್ನು ನೋಡಿ ಚಿಕ್ಕನಂಜಮ್ಮನಿಗೂ ಏನೋ ಹೊಕ್ಕಂತಾಯಿತು, ತಮ್ಮನ ಹೆಣಕ್ಕೆ ಒಂದು ಹನಿ ಕಣ್ಣೀರಿಲ್ಲ ನಿನಗೆ, ರಾಕ್ಷಸಿ, ಜುಟ್ಟು ಹಿಡಿದು ಕಂಬಕ್ಕೆ ಗುದ್ದಿದಳು, ಅವಳೇ, ಈ ಕೈಗಳೇ, ಗುದ್ದಿದ ಕೈಗೆ ಕೂದಲು ಕಿತ್ತು ಬಂತು, ತೆಳ್ಳನೆಯ ಕೂದಲು. ಅಂದಿನಿಂದ ಅವಳಿಗೆ ಯಾರ ಮೇಲೆ ಸಿಟ್ಟೋ ತಿಳಿಯುವುದಿಲ್ಲ, ರಾಗಿ ಕುಟ್ಟುವಾಗ ಒನಕೆಯ ಕೆಳಗೆ ಅತ್ತೆಯ ನರೆತಲೆ ಇರುತ್ತದೆ, ಕಬ್ಬು ಕೊಡುವಾಗ ಗಾಣದ ಉರುಳೆಗಳ ನಡುವೆ ಗಂಡನ ತೋಳು, ಲಟಲಟ ಮುರಿಯುತ್ತದೆ, ರಸ ಇಳಿಯುತ್ತದೆ, ಅಯ್ಯೋ ಶಿವನೇ, ಬಸುರಿ ಹೆಂಗಸು ನೆನೆಯುವ ಮಾತಾ ಇದು. ಒಂದೊಂದು ಸಲ ತನಗೂ ಅನ್ನಿಸುತ್ತದೆ, ತೊಟ್ಟಿಲು ತೂಗಿದ್ದಕ್ಕೇ ಹೋಯಿತೇನೋ, ಇದೂ ಹೋಗುತ್ತದೇನೋ. ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು, ಮತ್ತೆ ಸಡಿಲಾಯಿತು.

ಊದ್ಲಾ, ಇನ್ನೂ ಕಪ್ಪಗದೆ, ಮುದ್ದಯ್ಯ ಒಲೆಯ ಆಳಿಗೆ ಹೇಳಿದ. ದೇವೀರಿ ಅಲ್ಲಾಡುತ್ತಿಲ್ಲ, ನೋಡಿದ್ಯಾ ಅಂಕಯ್ಯ, ನನ್ನ ಮಂತ್ರಕ್ಕೇ ಅರ್ಧ ಇಳಿದದೆ ಎನ್ನುತ್ತಾನೆ, ಅವನ ಮಂತ್ರಕ್ಕಿಷ್ಟು ಮಣ್ಣು ಹಾಕ, ಮಗು ಒಲೆಯ ಬಾಯಿ ನೋಡುತ್ತಿದೆ, ಗಾಲಿ ಅಲ್ಲಿಗೆ ಹೋಯಿತು, ಅಲ್ಲಿಂದಲೇ ಬರಬೇಕು, ಕಾಯುತ್ತಿದೆ, ಇದು ಚಿಕ್ಕನಂಜಮ್ಮನಿಗೆ ಮಾತ್ರ ಗೊತ್ತು. ಬೆಳಿಗ್ಗೆ ಅಂಕಯ್ಯ ಕೊಡಲಿಯ ಹಿಂಬದಿಯಿಂದ ಗಾಡಿ ಜಜ್ಜುವಾಗ ನೋಡಬೇಕಿತ್ತು, ಅವನ ಹೆಬ್ಬೆರಳು ಕಚ್ಚಿ ಹಿಡಿದಿತ್ತು ಮಗು, ಹಲ್ಲು ಮೂಳೆಗೆ ತಾಗಿತ್ತು, ದವಡೆಗೆ ಗುದ್ದಿ ಬಿಡಿಸಬೇಕಾಯಿತು, ಬಾಯಿತುಂಬ ರಕ್ತ, ಅದರದೋ ಅಪ್ಪನದೋ, ಅದೇ ಬಾಯಿ ಈಗ ಸುಮ್ಮನಿದೆ. ಮತ್ತೊಂದು ಸಂಗತಿಯೂ ಅವಳಿಗೆ ಮಾತ್ರ ಗೊತ್ತು — ಮೊನ್ನೆ ಒಂದು ದಿನ, ಕಬ್ಬು ಕಡಿಯಲು ಎಲ್ಲರೂ ನಾಲೆಯಾಚೆ ಹೋಗಿದ್ದ ಹೊತ್ತು, ಅಳಲೂ ಆಗದಷ್ಟು ಸಾಕಾಗಿ ಮಗಳ ಎದುರು ನೆಲಕ್ಕೆ ಬಿದ್ದುಕೊಂಡಿದ್ದಳು, ಮಗುಚಿದ ಗಾಡಿಯ ಈಚೆಯ ಗಾಲಿ ಸುಮ್ಮನೆ ನಿಂತಿತ್ತು, ಏನೂ ಯೋಚಿಸದೆ ತಟ್ಟಿದಳು, ತಿರುಗಿತು, ಕಡ್ಡಿಗಳೆಲ್ಲ ಕರಗಿ ಒಂದೇ ಬಿಲ್ಲೆಯಾಯಿತು, ಗಾಳಿ ಸಣ್ಣಗೆ ಕೆನ್ನೆಗೆ ಬಡಿಯಿತು, ಹೌದಲ್ಲ ಚೆನ್ನಾಗಿದೆ ಅನ್ನಿಸಿತು, ನಿಲ್ಲುವ ಹೊತ್ತಿಗೆ ಮತ್ತೆ ತಟ್ಟಿದಳು, ಆಚೆಯ ಗಾಲಿಯನ್ನು ಮಗು, ಈಚೆಯ ಗಾಲಿಯನ್ನು ಇವಳು, ಎಷ್ಟು ಹೊತ್ತೋ, ಆಮೇಲೆ ಬೆನ್ನಿಗೆ ಬಿಸಿ ತಾಗಿತು, ದೇವೀರಿ ಗಾಡಿಯನ್ನು ಬಳಸಿ ಈಚೆಗೆ ಬಂದು ಅವಳ ಬೆನ್ನಿಗೆ ಬೆನ್ನು ಒರಗಿಸಿ ಕೂತಿದೆ, ಎತ್ತಿಕೊಂಡರೆ ಬಿಲ್ಲಿನ ಹಾಗೆ ಬಾಗಿ ನುಸುಳಿಕೊಳ್ಳುವ ಮಗು, ತಾನಾಗಿಯೇ, ಉಸಿರಾಡಿದರೆ ಹೋಗಿಬಿಡುತ್ತದೇನೋ ಎಂದು ಅವಳು ಉಸಿರು ಬಿಗಿಹಿಡಿದಳು. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ. ನೀನೂ ಸೇರ್ಕಂಡ್ಯಾ ಮಾರಿ, ಮೊದಲು ಒಂದ ನುಂಗುದ್ರಿ, ಇನ್ನೊಂದನೂ ನುಂಗೀರಾ, ತುರುಬು ಹಿಡಿದು ಅಂಗಳದುದ್ದಕ್ಕೂ ಎಳೆದಳು, ಚಿಕ್ಕನಂಜಮ್ಮ ಹೊಟ್ಟೆ ಹಿಡಿದುಕೊಂಡು ಎಳೆಸಿಕೊಂಡಳು, ಕಲ್ಲಿಗೆ ಮೊಣಕೈ ಕಿತ್ತುಹೋಯಿತು, ಆದರೆ ಬೆನ್ನ ಮೇಲೆ ಆ ಬಿಸಿ ಇತ್ತು, ಈಗಲೂ ಇದೆ, ಅದನ್ನು ಯಾರಿಗೆ ಹೇಳುವುದು, ಹೇಳಿದರೆ ನಂಬುವವರು ಯಾರು. ಆ ವಾರವೇ ಮುದ್ದಯ್ಯನಿಗೆ ಹೇಳಿಕಳಿಸಿದರು.

ಆಯ್ತು, ಅಂದ ಮುದ್ದಯ್ಯ. ಸಲಾಕೆಯ ತುದಿಗೆ ಸಿಕ್ಕಿಸಿ ಈಚೆಗೆ ತೆಗೆದ, ಗಾಲಿ ಬಂತು, ಕೆಂಪು, ಬೂದಿ ಉದುರುತ್ತಿದೆ, ಲಂಗ ಮೇಲೆತ್ತಮ್ಮ ಎನ್ನುತ್ತಿದ್ದಾನೆ ಅತ್ತೆಗೆ, ಅತ್ತೆ ಎತ್ತಿದಳು, ಪುಟ್ಟ ಹೊಟ್ಟೆ, ಉಸಿರಿಗೆ ಏಳುತ್ತದೆ ಇಳಿಯುತ್ತದೆ, ಅವನು ನಡೆದ ಅಲುಗಾಟಕ್ಕೆ ಸಲಾಕೆಯ ಮೇಲೆ ಗಾಲಿ ತಿರುಗಿತು, ಒಂದು ಸುತ್ತು, ಮತ್ತೊಂದು, ದೇವೀರಿ ನೋಡಿತು, ನಕ್ಕಿತು. ಗುದ್ದಿಗೆ ಊದಿದ ದವಡೆಯಲ್ಲೇ ನಕ್ಕಿತು, ಕಿರ್ರ್ ಅಂದಿತು, ಮಗು ಸುಮ್ಮನಿದೆಯೆಂದು ಅಂಕಯ್ಯ ಬೆವರು ಒರೆಸಿಕೊಳ್ಳಲು ಒಂದು ಕೈ ಸಡಿಲ ಬಿಟ್ಟಿದ್ದ, ಆ ಕೈ ಮೇಲೆದ್ದಿತು, ಹುಟ್ಟಿದಾಗಿನಿಂದ ಯಾರ ಕಡೆಗೂ ಚಾಚದ ಕೈ, ಅಜ್ಜಿ ಬಾ ಎಂದರೂ ಅಪ್ಪ ಬಾ ಎಂದರೂ ಚಾಚದ ಕೈ, ಅಂಗೈ ಬಿಚ್ಚಿಕೊಂಡು, ಐದೂ ಬೆರಳು ಅಗಲಿಸಿಕೊಂಡು ಹೋಗುತ್ತಿದೆ, ಕೆಂಪಗೆ ತಿರುಗುವುದರ ಕಡೆಗೆ, ಕೊಡು ಅನ್ನುವ ಹಾಗೆ — ನೋಡಮ್ಮ ತಾನೇ ಕೇಳ್ತಾದೆ, ಅಂದ ಮುದ್ದಯ್ಯ, ಸಲಾಕೆ ಬಗ್ಗಿಸಿದ — ಚಿಕ್ಕನಂಜಮ್ಮನ ಕೈ ಮಗುವಿನ ಕಾಲುಗಳನ್ನು ಬಿಟ್ಟದ್ದು ಯಾವಾಗ, ಎದ್ದದ್ದು ಯಾವಾಗ, ಅವಳಿಗೆ ಗೊತ್ತಿಲ್ಲ, ಗಾಲಿ ಅವಳ ಅಂಗೈಯಲ್ಲಿದೆ, ಮುಷ್ಟಿ ಮುಚ್ಚಿಕೊಂಡಿದೆ, ಚುರ್ ಅಂದಿತು, ಬೆಲ್ಲದ ವಾಸನೆಯೊಳಗೆ ಇನ್ನೊಂದು ವಾಸನೆ ಎದ್ದಿತು, ತನ್ನದೇ, ಉರಿ ಮೊಣಕೈ ಹತ್ತಿತು, ಹೆಗಲು ಹತ್ತಿತು, ಹಲ್ಲು ಹಲ್ಲು ಕಚ್ಚಿದವು. ಬುಡಮ್ಮಿ, ಬಿಸಾಕು, ಕೈ ಓಯ್ತದೆ, ಅಂಕಯ್ಯ ಅವಳ ಮಣಿಕಟ್ಟು ಹಿಡಿದು ಜಗ್ಗುತ್ತಿದ್ದಾನೆ, ಅವಳು ಮತ್ತೊಂದು ಕೈಯಿಂದ ಅವನ ಮುಖಕ್ಕೆ ಬಾರಿಸಿದಳು, ಮದುವೆಯಾದಂದಿನಿಂದ ತಲೆಯೆತ್ತಿ ನೋಡದವಳು, ಮೂಗಿನಿಂದ ರಕ್ತ ಬರುವ ಹಾಗೆ, ಕಾಡಿಗೆ ಬುಡದಾದ್ರೆ ಇಬ್ರನ್ನೂ ಬುಡು, ಒಟ್ಟೇಲಿರದೂ ಸೇರ್ಕಂಡು ಓಯ್ತದೆ, ಅಂದಳು. ಅವನು ಹಿಂದೆ ಸರಿದ, ಮೂಗಿನ ರಕ್ತ ಮುಟ್ಟಿ ನೋಡಿಕೊಂಡ, ಅತ್ತೆ ತೊಡೆ ಸಡಿಲಿಸಿದಳು, ಗಾಣ ನಿಂತಿತು, ದೇವೀರಿ ಎದ್ದು ಕೂತಿತು. ತೆವಳಿಕೊಂಡು ಬಂತು. ಮುಖ ನೋಡಲಿಲ್ಲ, ಮುಷ್ಟಿ ನೋಡಿತು, ಅಮ್ಮನ ಬೆರಳನ್ನು ಒಂದೊಂದಾಗಿ ಎಬ್ಬಿಸತೊಡಗಿತು, ಬಿಚ್ಚಬಾರದು, ಇನ್ನೂ ಸುಡುತ್ತದೆ, ಬಿಚ್ಚಿದರೆ ಕೈ ಹಾಕುತ್ತದೆ, ಬಿಗಿಹಿಡಿದಷ್ಟೂ ಒಳಗೆ ಇಳಿಯುತ್ತದೆ, ಇಳಿಯಲಿ, ಬಿಚ್ಚಬಾರದು, ಮಗು ಬೆರಳು ಬಿಟ್ಟಿತು, ಕೆನ್ನೆಯನ್ನು ನೆಲಕ್ಕಿಟ್ಟು ಮಲಗಿತು, ಕಣ್ಣಿನ ಮೂಲೆಯಿಂದ ನೋಡುತ್ತ ಮುಷ್ಟಿಯನ್ನು ತಟ್ಟಿತು, ಕಾಯಿತು, ಮತ್ತೆ ತಟ್ಟಿತು, ಒಳಗೆ ಗಾಲಿ, ಮತ್ತೆ ತಟ್ಟಿತು, ಗಾಲಿ, ಗಾಲಿ —