ಕಾಗದದ ಚಕ್ರಗಳು

ಗುರುಕಿರಣ ಹೆಂಡತಿಯ ಮೇಲೆ ಯಾವತ್ತೂ ಕೈ ಎತ್ತಿದವನಲ್ಲ. ಬ್ಯಾಂಕಿನಲ್ಲಿ ಐಟಿ ಸೆಕ್ಯೂರಿಟಿ ನೋಡಿಕೊಳ್ಳುವ ಪುಣ್ಯಾತ್ಮ, ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಪಾವನಾಳ ಪಾಸ್‌ಪೋರ್ಟು ಅವನ ಲಾಕರಿನಲ್ಲಿ, ಫೋನಿನ ಪಾಸ್‌ವರ್ಡು ಅವನ ತಲೆಯಲ್ಲಿ, ಗಲ್ಫ್ ದೇಶದ ರಿಗ್ಗೈನ ಆ ಫ್ಲಾಟಿನ ಬಾಗಿಲಿಗೊಂದು ಕ್ಯಾಮೆರಾ. ಉಸಿರಾಡಲು ಮಾತ್ರ ಅವನನ್ನು ಕೇಳಬೇಕಿರಲಿಲ್ಲ, ಅಷ್ಟೇ.

ಅಂಥ ಮನೆಯೊಳಗೆ ಮಗಳು ಚಿನ್ಮಯಿಯ ಸ್ಕೂಲ್ ಪ್ರಾಜೆಕ್ಟು ಬಂತು: ಯುದ್ಧಕಾಲದ ಗುಪ್ತಲಿಪಿ ಯಂತ್ರ. ನಿಜವಾದ ಯಂತ್ರಕ್ಕೆ ವೈರು, ದೀಪ ಎಲ್ಲ ಇತ್ತಂತೆ. ಇವಳದ್ದು ರಟ್ಟಿನ ಡಬ್ಬಿಗೆ ಸುತ್ತಿದ ಮೂರು ಕಾಗದದ ಚಕ್ರ. ಯಾವ ಚಕ್ರ ಮೊದಲು, ಯಾವುದು ಆಮೇಲೆ, ಪ್ರತಿಯೊಂದೂ ಯಾವ ಅಕ್ಷರದಿಂದ ಶುರು ಎಂದು ಕಳಿಸುವವರೂ ಓದುವವರೂ ಒಂದೇ ರೀತಿ ಕೂರಿಸಬೇಕು. ಒಂದೊಂದು ಅಕ್ಷರಕ್ಕೂ ಚಕ್ರ ಒಂದು ಮನೆ ಮುಂದೆ. ಮರುದಿನ ಎಲ್ಲ ಬದಲು.

"ಇನ್ನೊಂದು ಡೊರೊತಿ ಆಂಟಿಗೆ ಮಾಡ್ಕೊಡು ಪುಟ್ಟಿ, ಆಟ ಆಡೋಣ," ಎಂದಳು ಪಾವನಾ. ಕೆಳಗಿನ ಮಹಡಿಯ ಮಂಗಳೂರು ನರ್ಸ್ ಡೊರೊತಿ. ದಿನದ ಸೆಟ್ಟಿಂಗು ಲಿಫ್ಟಿನಲ್ಲಿ ಚಿನ್ಮಯಿಯ ಬಾಯಿಂದ ಆಂಟಿಯ ಕಿವಿಗೆ ಹೋಗುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಮಾತು ಚಕ್ರದೊಳಗೆ ನುಗ್ಗಿ, ಕಲಸಿಹೋಗಿ, ವಾಟ್ಸಾಪಿನಲ್ಲಿ ಇಳಿಯುತ್ತಿತ್ತು. ಹಾಗೆ ಗುಟ್ಟಿನಲ್ಲಿ ಎಲ್ಲ ಗೊತ್ತಾಯಿತು: ಗುರುವಾರ ಗುರುಕಿರಣ ದುಬೈಗೆ ಹೊರಟ ಕೂಡಲೇ ಡೊರೊತಿ ಕಾರು ತರುತ್ತಾಳೆ, ತಾಯಿ ಮಗಳು ನೇರ ಎಂಬಸಿಗೆ. ಪಾವನಾಳಿಗೆ ಎಷ್ಟೋ ವರ್ಷಗಳ ಮೇಲೆ ಚೆನ್ನಾಗಿ ಹಸಿವಾಯಿತು.

ಬುಧವಾರ ಸಂಜೆ ಗುರುಕಿರಣ ಲ್ಯಾಪ್‌ಟಾಪ್ ತಿರುಗಿಸಿ ಅವಳ ಮುಂದಿಟ್ಟ. ಅವಳ ಮಾತುಗಳೆಲ್ಲ ಅಲ್ಲಿ ಬಟ್ಟೆ ಬಿಚ್ಚಿ ನಿಂತಿದ್ದವು.

"ಪ್ರಾಜೆಕ್ಟ್ ಅಂತ ನಾನೂ ನಂಬಿದ್ದೆ ಕಣೆ. ಆದ್ರೆ ದಿನಸಿ ಚೀಟಿ ಬರೆದ್ರೂ ಮೇಲೆ ಶ್ರೀ ಹಾಕೋಳು ನೀನು. ಯಾವ ಸೆಟ್ಟಿಂಗಲ್ಲಿ ಮೊದಲು ಶ್ರೀ ಬರುತ್ತೆ ನೋಡು ಅಂತ ಕಂಪ್ಯೂಟರಿಗೆ ಅಂದೆ. ಕಾಫಿ ಆರೋದ್ರೊಳಗೆ ಸಿಕ್ತು."

ಅಯ್ಯೋ ದೇವರೇ! ಅಜ್ಜಿ ಕೈ ಹಿಡಿದು ಕಲಿಸಿದ ಅಭ್ಯಾಸ. ಪ್ರತಿ ಸಂದೇಶದ ಮೇಲೂ ಶ್ರೀ ಬರೆದದ್ದು ಅವಳಿಗೇ ಗೊತ್ತಿರಲಿಲ್ಲ.

"ಯಲ್ಲಾ, ಬಾ ಬಾ ಪುಟ್ಟಿ, ಚಕ್ರ ಕೂರಿಸು. ಇವತ್ತು ಅಪ್ಪನೂ ಆಟಕ್ಕೆ."

ಚಿನ್ಮಯಿ ಕುಣಿದುಕೊಂಡು ಬಂದಳು. ಅವನು ಹೇಳಿದ, ಅವಳು ತಿರುಗಿಸಿದಳು: "ಶ್ರೀ. ನಾವಿಬ್ಬರೂ ರಾಜಿಯಾದೆವು. ನಾಳೆ ಬರಬೇಡಿ." ಪಾವನಾಳಿಗೆ ಕಿರುಚಬೇಕೆನಿಸಿತು, ಆದರೆ ಅವನ ಕೈ ಮಗಳ ಕತ್ತಿನ ಹಿಂದೆ ಮೆತ್ತಗೆ ಕೂತಿತ್ತು.

ಪಾವನಾಳ ಫೋನಿನಿಂದ ಹೋದ ಆ ಮಾತಿಗೆ ಡೊರೊತಿಯ ಉತ್ತರ ಬಂತು. ಚಿನ್ಮಯಿ ಒಂದೊಂದೇ ಅಕ್ಷರ ಬಿಡಿಸಿ ಓದಿದಳು: "ದೇವರು ದೊಡ್ಡವ ಪಾವನಾ. ನಿಮಗೋಸ್ಕರ ಇಲ್ಲಿ ನಿಂತಿದ್ದೆ. ಇನ್ನು ನೆಮ್ಮದಿಯಲ್ಲಿ ಊರಿಗೆ ಹೋಗ್ತೇನೆ."

"ಅಮ್ಮಾ, ನಾಟ್ ಒನ್ ಮಿಸ್ಟೇಕ್!" ಎಂದು ಅವಳು ಚಪ್ಪಾಳೆ ತಟ್ಟಿದಳು.