ವತ್ಸಲಾಳ ಲೇತಿಗೆ ಕರೆಂಟು

ಯುಗಾದಿಗೆ ಮನೆಗೆ ಬಂದ, ಕಬ್ಬಿಣ ಕಡೆಯುವ ಲೇತು, ಗಣೇಶನ ಹಬ್ಬ ಕಳೆದರೂ ಒಂದೇ ಒಂದು ಸುತ್ತು ತಿರುಗಿರಲಿಲ್ಲ. ವತ್ಸಲಾಗೆ ಸಾಕುಸಾಕಾಗಿ ಹೋಗಿತ್ತು.

ಅದೇನು ಯಾವುದೋ ಗುಜರಿ ಮಾಲಲ್ಲ. ಪೀಣ್ಯದ ಪಕ್ಕದ ಕಾರ್ಖಾನೆಯಲ್ಲಿ, ಸೇರಿದ ದಿನದಿಂದ ನಿವೃತ್ತಿಯವರೆಗೂ ಅವಳು ನಿಂತು ಕೆಲಸ ಮಾಡಿದ ಅದೇ ಮೆಷಿನ್ನು. ಹಳೆಯದನ್ನೆಲ್ಲ ಹರಾಜು ಹಾಕಿದಾಗ ಹಟ ಹಿಡಿದು ತಂದಿದ್ದಳು. ಕ್ರೇನಿನಿಂದ ಇಳಿಸುವಾಗ ಬೀದಿಗೆ ಬೀದಿಯೇ ನೋಡಲು ನಿಂತಿತ್ತು. "ಈ ವಯಸ್ಸಲ್ಲಿ ಯಾಕಮ್ಮ ಇದು?" ಅಂದಿದ್ದಳು ಮಗಳು ಯಾಮಿನಿ. ಯಾಕೆ ಅಂದರೆ? ಕೈ ಎರಡೂ ಸುಮ್ಮನೆ ಮಡಿಲಲ್ಲಿ ಬಿದ್ದಿರುವುದನ್ನು ವತ್ಸಲಾಗೆ ಸಹಿಸಲಾಗುತ್ತಿರಲಿಲ್ಲ. ಉಳಿಯ ಬಾಯಿಂದ ಕಬ್ಬಿಣದ ಸಿಪ್ಪೆ ಸುರುಳಿಸುರುಳಿಯಾಗಿ ಬೀಳುವುದನ್ನು ಮತ್ತೆ ನೋಡಬೇಕು, ಅಷ್ಟೇ.

ಲೇತಿಗೆ ಬೇಕಾದ್ದು ತ್ರೀ ಫೇಸು, ಮನೆಯಲ್ಲಿದ್ದದ್ದು ಸಿಂಗಲ್ ಫೇಸು. ಅದಕ್ಕಿಂತ ದೊಡ್ಡ ತೊಂದರೆ ಗಂಡ ಜಯಸಿಂಹ. ಅವನು ಅದೇ ಕಾರ್ಖಾನೆಯ ಎಲೆಕ್ಟ್ರಿಕಲ್ ಸೆಕ್ಷನ್ನಿನಲ್ಲಿ ನಿವೃತ್ತನಾದವನು. ಅಲ್ಲಿ ಒಂದು ಕಟ್ಟಳೆಯಿತ್ತು: ಮೆಷಿನ್ನಿನವರು ಸ್ವಿಚ್ಚಿನ ಮುಚ್ಚಳ ಬಿಚ್ಚಬಾರದು, ಕರೆಂಟಿನವರು ಮೆಷಿನ್ನಿನ ಹಿಡಿ ಮುಟ್ಟಬಾರದು. ಫ್ಯೂಸ್ ಹೋದರೂ ಕೈಕಟ್ಟಿ ನಿಂತು ಕಾಯಬೇಕು. ಇವರಿಬ್ಬರೂ ಆ ಕಟ್ಟಳೆಯನ್ನು ಮನೆಗೂ ತಂದಿದ್ದರು. ಬಲ್ಬು ಸುಟ್ಟರೆ ವತ್ಸಲಾ ಅವನಿಗೆ ಹೇಳಿ ಕತ್ತಲಲ್ಲೇ ಕೂರುವಳು. ಕುಕ್ಕರಿನ ಹಿಡಿ ಸಡಿಲವಾದರೆ ಅವನು ಸ್ಕ್ರೂಡ್ರೈವರ್ ತಂದು ಅವಳ ಕೈಗೆ ಕೊಡುವನು.

ಮನೆಗೇ ತ್ರೀ ಫೇಸ್ ಹಾಕಿಸೋಣ ಅಂದ ಮೊದಲು. ಆಮೇಲೆ ಅದು ಬೇಡ, ಸಿಂಗಲ್ ಫೇಸನ್ನೇ ತ್ರೀ ಫೇಸ್ ಮಾಡಿಕೊಡುವ ಡ್ರೈವ್ ಅನ್ನೋ ಡಬ್ಬಿ ಸಿಗುತ್ತದೆ ಅಂದ. ಡಬ್ಬಿ ಬಂತು. ಅರ್ಥಿಂಗ್ ಸರಿಯಿಲ್ಲವೆಂದು ಅಂಗಳ ಅಗೆದು ಇದ್ದಿಲು, ಉಪ್ಪು ಸುರಿದ. ಮೋಟಾರಿನ ಒಳಗಿನ ಕನೆಕ್ಷನ್ ಬದಲಾಯಿಸಬೇಕೆಂದ, ಬದಲಾಯಿಸಿದ. ಅಷ್ಟರಲ್ಲಿ ಆಷಾಢ ಬಂತಂತೆ. ಕರೆಂಟಿಗೂ ಆಷಾಢಕ್ಕೂ ಏನು ಸಂಬಂಧವೋ ಆ ದೇವರೇ ಬಲ್ಲ.

"ಇವತ್ತು ಕನೆಕ್ಷನ್ ಕೊಡ್ತೀರೋ ಇಲ್ವೋ?" ಎಂದು ಆ ಬೆಳಿಗ್ಗೆಯೂ ಕೇಳಿದಳು.

"ಟೆಸ್ಟಿಂಗ್ ಬಾಕಿ ಇದೆ ಕಣೇ. ಅವಸರ ಮಾಡಿದ್ರೆ ಮೋಟಾರು ಸುಟ್ಟೋಗತ್ತೆ."

"ಅದಕ್ಕೆ ಮುಂಚೆ ನಾನೇ ಸುಟ್ಟೋಗ್ತೀನಿ, ನೋಡ್ತಿರಿ."

ಅವನು ಚೀಲ ಹಿಡಿದು ಸೊಪ್ಪು ತರಲು ಹೊರಟ. ವತ್ಸಲಾ ಮೇನ್ ಸ್ವಿಚ್ ಆರಿಸಿ, ಲೇತು ಇಟ್ಟಿದ್ದ ಶೆಡ್ಡಿಗೆ ಹೋಗಿ, ಗೋಡೆಯ ಪೆಟ್ಟಿಗೆಯ ಮುಚ್ಚಳ ಬಿಚ್ಚಿಯೇಬಿಟ್ಟಳು. ಜನ್ಮದಲ್ಲಿ ಮಾಡದ ಕೆಲಸ ಅದು. ಒಳಗೆ ವೈರುಗಳೆಲ್ಲ ಅಚ್ಚುಕಟ್ಟಾಗಿ ಕೂತಿದ್ದವು. ಮನೆಯ ಕರೆಂಟು ಡಬ್ಬಿಗೆ ಬರಬೇಕಾದ ಒಂದು ವೈರನ್ನು ಮಾತ್ರ ಬಿಚ್ಚಿ, ತುದಿಗೆ ಟೇಪು ಸುತ್ತಿ, ಮೂಲೆಗೆ ಮಡಚಿಟ್ಟಿದ್ದ. ಟೇಪಿನ ಮೇಲೆ ಧೂಳು ಕೂತಿತ್ತು.

ಜಯಸಿಂಹ ಬಂದಾಗ ಅವಳು ಅಲ್ಲೇ ನಿಂತಿದ್ದಳು.

"ಇದನ್ನ ಯಾವಾಗ ಮುಗಿಸಿದ್ರಿ?"

ಬಿಚ್ಚಿದ ಮುಚ್ಚಳವನ್ನು ನೋಡಿ ಅವನು ಚೀಲ ಕೆಳಗಿಟ್ಟ. "ಆಷಾಢಕ್ಕೆ ಮುಂಚೆ."

"ಮತ್ಯಾಕ್ರೀ ಹೀಗೆ ಆಟ ಆಡಿಸಿದ್ರಿ? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?"

ಅವನು ನೆಲ ನೋಡುತ್ತ ಹೇಳಿದ. "ಸರ್ವೀಸಲ್ಲಿದ್ದಷ್ಟು ದಿನ ನಿಂದು ಬೆಳಗಿನ ಶಿಫ್ಟು, ನಂದು ಸೆಕೆಂಡ್ ಶಿಫ್ಟು. ಫ್ಯಾಕ್ಟರಿ ಗೇಟ್ ಹತ್ರ ನಿಂಗೆ ಬೀಗದ ಕೈ ಕೊಟ್ಟು ಹೋಗ್ತಿದ್ದೆ, ಅಷ್ಟೇ ನಮ್ಮ ಸಂಸಾರ. ಈಗ ದಿನಾ ಎದುರಿಗೆ ಕೂತು ಕಾಫಿ ಕುಡೀತೀಯ. ಬೈಯೋದಕ್ಕಾದ್ರೂ ನನ್ನ ಹುಡುಕ್ಕೊಂಡು ಬರ್ತೀಯ. ಇದು ತಿರುಗೋಕೆ ಶುರುವಾದ್ರೆ ನೀನು ಶೆಡ್ಡಿಂದ ಆಚೆ ಬರಲ್ಲ, ನಂಗೊತ್ತು."

ಬಾಯಿಗೆ ಬಂದಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. ಇಷ್ಟು ಮಾತನ್ನು ಬಾಯಿಬಿಟ್ಟು ಹೇಳಲು ಈ ಮನುಷ್ಯನಿಗೆ ಏನಾಗಿತ್ತು?

"ವೈರ್ ಹಾಕಿ," ಅಂದಳು.

ಅವನು ಟೇಪು ಬಿಚ್ಚಿ ವೈರು ಸೇರಿಸಿದ. ಮೇನ್ ಹಾಕಿ ಬಂದ. ವತ್ಸಲಾ ಗುಂಡಿ ಒತ್ತಿದಳು. ಲೇತು ಗುಂಯ್ಯೆಂದು ತಿರುಗತೊಡಗಿತು. ಆ ಸದ್ದಿಗೆ ಅವಳ ಕಣ್ಣು ತುಂಬಿತು. ಜಯಸಿಂಹ ಚೀಲ ಎತ್ತಿಕೊಂಡು ಮೆಲ್ಲಗೆ ಮನೆಯ ಕಡೆ ಹೆಜ್ಜೆ ಹಾಕಿದ.

"ಎಲ್ಲಿಗೆ ಹೊರಟ್ರಿ? ಸ್ಟೂಲ್ ತಗೊಂಡು ಬಂದು ಇಲ್ಲೇ ಕೂತು ಸೊಪ್ಪು ಬಿಡಿಸಿ."

ಲೇತಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ವತ್ಸಲಾ ಲೇತು ನಿಲ್ಲಿಸಿ, ಇನ್ನೊಮ್ಮೆ ಕರೆದಳು.