ಮಾಸ್ತಪ್ಪನ ದೋಣಿಯ ಎರಡು ಗಡಿಯಾರ

ಎಂಜಿನ್ನಿನ ಮೀಟರಿಗೆ ಯಾರಾದರೂ ವಿಭೂತಿ, ಕುಂಕುಮ ಬಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಶಿಕಾರಿಪುರ ತಾಲ್ಲೂಕಿನ ಅರ್ಧ ಗಿರಣಿಗಳು ಈ ಫಿಟ್ಟರ್ ಉಜ್ಜಪ್ಪನ ಕೈಯಲ್ಲೇ ಓಡುತ್ತಿದ್ದ ಕಾಲವದು, ಐವತ್ತೆಂಟನೆಯ ಇಸವಿ. ಆಯುಧಪೂಜೆಯ ಮರುದಿನ ಊರೂರು ತಿರುಗಿ ಗಾಜು ಒರೆಸುವುದೇ ನನಗೆ ಕೆಲಸ. ಬೈದರೆ, "ದೇವರಿಗೆ ಹಚ್ಚಿದ್ದು ಕಣ್ರೀ" ಅನ್ನುತ್ತಾರೆ. ಆಯಿಲ್ ಎಷ್ಟಿದೆ ಅಂತ ನೋಡಬೇಕಾದ್ದು ದೇವರೋ, ಎಂಜಿನ್ ಓಡಿಸುವವನೋ?

ಆ ವರ್ಷ ಭತ್ತದ ವ್ಯಾಪಾರಿ ಮಲ್ಲೇಶಪ್ಪನವರು ನನ್ನನ್ನು ಅಂಜನಾಪುರಕ್ಕೆ ಕರೆಸಿದರು. ಅಲ್ಲಿನ ಜಲಾಶಯದ ಆಚೆ ದಡದಿಂದ ಭತ್ತದ ಚೀಲ, ಜನ ಎರಡನ್ನೂ ತರುವ ಹಾಯಿದೋಣಿ ಅವರದು. ಮಧ್ಯಾಹ್ನ ಎದುರುಗಾಳಿ ಎದ್ದರೆ ದೋಣಿ ನೀರಿನ ನಡುವೆಯೇ ನಿಂತುಬಿಡುತ್ತಿತ್ತು. ಹಾಗಾಗಿ ಅದಕ್ಕೊಂದು ಎಂಜಿನ್ ಕೂಡಿಸಬೇಕಿತ್ತು. ದೋಣಿ ನಡೆಸುವವನು ಮಾಸ್ತಪ್ಪ, ಸೊರಬದ ಚಂದ್ರಗುತ್ತಿ ಕಡೆಯವನು. ಹಾಯಿಯ ಹಗ್ಗ ಹಿಡಿದು, ದೋಣಿಯೊಳಗೆ ಜಿನುಗಿದ ನೀರನ್ನು ಡಬ್ಬಿಯಲ್ಲಿ ಎತ್ತಿ ಹೊರಗೆ ಚೆಲ್ಲುವವಳು ಅವನ ಹೆಂಡತಿ ಗುತ್ಯಮ್ಮ.

ಮಾಸ್ತಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪಕ್ಕದಲ್ಲಿ ಗರ್ನಾಲು ಹಾರಿಸಿದರೂ ತಿರುಗಿ ನೋಡುವ ಆಸಾಮಿಯಲ್ಲ.

"ಎಂಜಿನ್ ಬಡಕೊಂಡ್ರೆ ಇವಂಗೆ ಹೆಂಗ್ರೀ ಗೊತ್ತಾಗ್ತೈತಿ?" ಎಂದರು ಮಲ್ಲೇಶಪ್ಪ. "ಹೊನ್ನಾವರದಾಗೆ ಕಿವಿ ಕೇಳೋನೊಬ್ಬ ಅದಾನೆ. ಬಾ ಅಂತ ಕಾಗದ ಬರೆದು ಜೇಬಿನಾಗೆ ಇಟ್ಕಂಡೀನಿ. ಸೋಮವಾರ ಇವನ ಕೈಯಾಗೆ ದೋಣಿ ಆಚೆ ದಡಕ್ಕೆ ಹೋಗಿ ಸರಿಯಾಗಿ ಬಂದ್ರೆ ಹರಿದು ಹಾಕ್ತೀನಿ. ಇಲ್ಲಾಂದ್ರೆ ಟಪಾಲಿಗೆ ಹಾಕ್ತೀನಿ."

ಮಾಸ್ತಪ್ಪ ಅವರ ತುಟಿಯನ್ನೇ ನೋಡುತ್ತಿದ್ದ. ಎಲ್ಲ ತಿಳಿಯಿತೆಂದು ಕಾಣುತ್ತದೆ, ಮುಖ ಸಣ್ಣದಾಯಿತು. ಮೂವತ್ತು ವರ್ಷ ನೀರಿನ ಮೇಲೆ ಬದುಕಿದವನು. ಅಯ್ಯೋ ಪಾಪ ಅನ್ನಿಸಿತು ನನಗೆ. ನನಗೆ ಹಾಗೆ ಅನ್ನಿಸುವುದು ಅಪರೂಪ.

"ಕಿವಿ ಇಲ್ಲದಿದ್ದರೆ ಕಣ್ಣಿದೆಯಲ್ರೀ" ಎಂದೆ. "ಎರಡು ಮೀಟರ್ ಹಾಕ್ತೀನಿ. ಒಂದು ಎಣ್ಣೆಯ ಒತ್ತಡ ತೋರಿಸುತ್ತೆ, ಇನ್ನೊಂದು ಬಿಸಿ."

ಹಾಕುತ್ತೇನೆ ಅಂದೆ, ಸರಿ, ಎಲ್ಲಿ ಹಾಕುವುದು? ಗಿರಣಿಯಲ್ಲಾದರೆ ಗೋಡೆಯಿದೆ. ಇಲ್ಲಿ ಹಿಂದಿನ ಹಲಗೆಯ ಮೇಲೆ ಚುಕ್ಕಾಣಿ ಹಿಡಿದು ಮಾಸ್ತಪ್ಪ, ಅವನ ಮುಂದೆ ಎಂಜಿನ್ನಿನ ತಗ್ಗು ಪೆಟ್ಟಿಗೆ, ಅದರಾಚೆ ಹಾಯಿಕಂಬ. ಕಂಬದ ಬುಡದಲ್ಲಿ ಗಂಡನ ಕಡೆಗೆ ಮುಖ ಮಾಡಿ ಗುತ್ಯಮ್ಮ. ಮೊದಲು ಪೆಟ್ಟಿಗೆಯ ಮೇಲೇ ಹಾಕಿದೆ. ಅರ್ಧ ಗಂಟೆಯೊಳಗೆ ಯಾವಳೋ ಅದರ ಮೇಲೆ ಬಾಳೆಗೊನೆ ಇಟ್ಟು ಒರಗಿ ಕೂತಳು. ಬಿಚ್ಚಿದೆ.

ಆಮೇಲೆ ಕೆಲಸ ಬಿಟ್ಟು ಎರಡು ದಿನ ಸುಮ್ಮನೆ ದೋಣಿಯಲ್ಲಿ ಓಡಾಡಿದೆ. ಈ ಮನುಷ್ಯನ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಎಂಬ ಕುತೂಹಲ ನನ್ನನ್ನು ಹಿಡಿದುಕೊಂಡಿತ್ತು. ಬೀಡಿ ಸೇದುತ್ತಾ ಅವನ ಕಣ್ಣನ್ನೇ ನೋಡಿದೆ. ದಡ, ನೀರು, ಹಾಯಿ, ಕಂಬದ ಕಡೆ. ನೀರು, ಕಂಬದ ಕಡೆ. ಹತ್ತು ಸಲ ನೋಡಿದರೆ ಏಳು ಸಲ ಕಂಬದ ಕಡೆಗೇ.

ಸಿಕ್ಕಿತು! ಕಂಬಕ್ಕೆ, ಗುತ್ಯಮ್ಮನ ತಲೆಯಿಂದ ಒಂದು ಗೇಣು ಮೇಲೆ, ಎರಡೂ ಮೀಟರ್ ಕೂಡಿಸಿದೆ. ಎಣ್ಣೆಯ ತಾಮ್ರದ ಕೊಳವೆಯನ್ನು ಎಳೆದು ಜೋಡಿಸಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

"ಎರಡು ಗಡಿಯಾರ ಯಾಕೆ ಮಾರಾಯ್ರೆ? ಒಂದು ಸಾಕಿತ್ತು" ಎಂದ ಮಾಸ್ತಪ್ಪ, ದೊಡ್ಡ ದನಿಯಲ್ಲಿ.

ಸೋಮವಾರ ಬಂತು. ಮಲ್ಲೇಶಪ್ಪನವರು ಮಿಂದು ಮಡಿಯುಟ್ಟು ಬಂದವರೇ ಎಂಜಿನ್ನಿಗೆ ಕಾಯಿ ಒಡೆದರು. ಆಮೇಲೆ ಸೀದಾ ಕಂಬದ ಹತ್ತಿರ ಹೋಗಿ ಎರಡೂ ಗಾಜಿನ ಮೇಲೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಎಳೆದು, ಚೆಂಡುಹೂವಿನ ಹಾರ ಇಳಿಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ಸಂಬಳ ಕೊಡುವ ಧಣಿ, ಏನು ಮಾಡಲಿ? ಬಾಯಿ ಮುಚ್ಚಿಕೊಂಡು ಅವರ ಜೊತೆ ದೋಣಿಯ ಮುಂದಿನ ತುದಿಗೆ ಹೋಗಿ ಕೂತೆ.

ಹೋಗುವಾಗ ಎಲ್ಲ ಸರಿಯಿತ್ತು. ಬರುವಾಗ ಇಪ್ಪತ್ತು ಚೀಲ ಭತ್ತ, ಹತ್ತು ಜನ, ಎದುರುಗಾಳಿ. ನಾನು ಮಲ್ಲೇಶಪ್ಪನವರಿಗೆ ನನ್ನ ಹೆಚ್ಚುಗಾರಿಕೆ ಕೊಚ್ಚುತ್ತಿದ್ದೆ. ನಡುನೀರಿನಲ್ಲಿ ಎಂಜಿನ್ ತಟ್ಟನೆ ನಿಂತಿತು.

"ನೋಡಿದ್ರ್ಯಾ? ಕೆಡಿಸಿದ!" ಎಂದು ಮಲ್ಲೇಶಪ್ಪ ಜೇಬು ಮುಟ್ಟಿಕೊಂಡರು.

ಚೀಲಗಳನ್ನು ಹಾರಿಕೊಂಡು ಹಿಂದಕ್ಕೆ ಓಡಿದೆ. ಎಂಜಿನ್ ಕೆಟ್ಟಿರಲಿಲ್ಲ, ಮಾಸ್ತಪ್ಪನೇ ನಿಲ್ಲಿಸಿದ್ದ. ಕೊಳವೆಯ ನಟ್ಟು ಸಡಿಲಾಗಿ ಎಣ್ಣೆಯೆಲ್ಲ ದೋಣಿಯ ತಳಕ್ಕೆ ಸುರಿದುಹೋಗಿತ್ತು. ಇನ್ನೆರಡು ನಿಮಿಷ ಓಡಿದ್ದರೆ ಎಂಜಿನ್ ಗುಜರಿಗೆ. ಹಾರ ಸರಿಸಿ ವಿಭೂತಿ ಒರೆಸಿ ನೋಡಿದರೆ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು.

"ಗಾಜು ಮುಚ್ಚಿತ್ತಲ್ಲ, ನಿಂಗೆ ಹೆಂಗೆ ಗೊತ್ತಾತು?" ಕೈ ಆಡಿಸಿ ಕೇಳಿದೆ.

ಮಾಸ್ತಪ್ಪ ಹೆಂಡತಿಯ ಕಡೆ ಗದ್ದ ಎತ್ತಿದ. "ಇವಳ ಮುಖ ಕಪ್ಪಿಟ್ಟಿತು. ಏನೋ ಆಗಿದೆ ಅಂತ ನಿಲ್ಸಿದೆ."

ಗುತ್ಯಮ್ಮ ಡಬ್ಬಿ ತೋರಿಸಿದಳು. ಎತ್ತಿದ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು.

ನನ್ನ ಕಿವಿ ಬಿಸಿಯಾಯಿತು. ಎರಡು ದಿನ ಕೂತು ನೋಡಿದ್ದೆನಲ್ಲ, ಅವನು ಕಂಬವನ್ನು ಯಾವತ್ತೂ ನೋಡಿರಲೇ ಇಲ್ಲ. ನಟ್ಟು ಬಿಗಿಯದೆ ಬಿಟ್ಟವನೂ ನಾನೇ. ಮೀಟರನ್ನು ಅಲ್ಲಿಂದಿಲ್ಲಿಗೆ ಬದಲಿಸುವ ಗಡಿಬಿಡಿಯಲ್ಲಿ ಮರೆತಿದ್ದೆ. ಗೊಣಗುತ್ತಲೇ ತಪ್ಪು ಒಪ್ಪಿಕೊಂಡೆ. ಮಲ್ಲೇಶಪ್ಪ ವಿಭೂತಿ ಹತ್ತಿದ ತಮ್ಮ ಮೂರು ಬೆರಳನ್ನು ನೋಡಿಕೊಂಡು ಪಂಚೆಗೆ ಒರೆಸಿ, "ನಾಳೆ ಇನ್ನೊಂದ್ಸಲ ನೋಡಾಣ" ಎಂದರು. ಆ ಸಂಜೆ ಗಂಡ ಹೆಂಡತಿ ಹಾಯಿ ಏರಿಸಿ, ಗಾಳಿಗೆ ಅಡ್ಡಡ್ಡ ಹೊರಳಿಸುತ್ತಾ, ದೋಣಿಯನ್ನು ದಡ ಮುಟ್ಟಿಸಿದರು.

ಮರುದಿನ ಮೀಟರುಗಳನ್ನು ಕಂಬದಿಂದ ಬಿಚ್ಚಿ, ಮಾಸ್ತಪ್ಪ ಕೂರುವ ಹಲಗೆಯ ಅಂಚಿಗೆ, ಅವನ ಮೊಣಕಾಲಿನ ನಡುವೆ, ಮುಂದಕ್ಕೆ ಮುಖ ಮಾಡಿ ಕೂಡಿಸಿದೆ. ನಟ್ಟನ್ನು ಮೂರು ಸಲ ಬಿಗಿದೆ.

ಮಲ್ಲೇಶಪ್ಪ ನಕ್ಕರು. "ತಲಿ ಕೆಟ್ಟೈತೇನ್ರೀ? ಅಲ್ಲಿದ್ರೆ ಓಡ್ಸೋನಿಗೇ ಕಾಣಂಗಿಲ್ಲ!"

"ಅವನಿಗೆ ಕಾಣೋದು ಬ್ಯಾಡ್ರಿ. ಗುತ್ಯಮ್ಮಗೆ ಕಾಣಬೇಕು."

"ನಂಗೆ ಅಂಕಿ ಬರೋದಿಲ್ಲ" ಎಂದು ಗುತ್ಯಮ್ಮ ಹಿಂಜರಿದಳು. "ಮುಳ್ಳು ಎಲ್ಲಿಗೆ ಬಂದ್ರೆ ಕೆಟ್ಟದ್ದು, ಅಷ್ಟು ಹೇಳಿ."

ಬೆರಳಿಟ್ಟು ತೋರಿಸಿದೆ. ಅವಳು ತನ್ನ ಹಣೆಯ ಕುಂಕುಮವನ್ನೇ ಚೂರು ತೆಗೆದು, ಗಾಜಿನ ಮೇಲೆ ಸರಿಯಾಗಿ ಅಲ್ಲಿಗೇ ಸಾಸಿವೆಯಷ್ಟು ಬೊಟ್ಟಿಟ್ಟಳು. ಇನ್ನೊಂದು ಗಾಜಿಗೂ ಇಟ್ಟಳು. ಗಾಜಿನ ಮೇಲೆ ಕುಂಕುಮ ನೋಡಿಯೂ ನಾನು ಮನಸ್ಸಿನಲ್ಲೂ ಬೈಯದೆ ಇದ್ದದ್ದು ಅದೊಂದೇ ಸಲ.

ಅವತ್ತು ಎದುರುಗಾಳಿಯಲ್ಲೇ ಎರಡು ಸಲ ಹೋಗಿ ಬಂದೆವು. ಒಮ್ಮೆ ಬಿಸಿಯ ಮುಳ್ಳು ಬೊಟ್ಟಿನ ಹತ್ತಿರ ಬಂತು. ಗುತ್ಯಮ್ಮ ಹುಬ್ಬು ಎತ್ತಿದಳು, ಅಷ್ಟೇ. ಮಾಸ್ತಪ್ಪ ವೇಗ ಇಳಿಸಿದ. ಮುಳ್ಳು ಹಿಂದಕ್ಕೆ ಹೋಯಿತು.

ಮಲ್ಲೇಶಪ್ಪನವರು ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿ ನೀರಿಗೆ ಬಿಟ್ಟರು. ಮಾಸ್ತಪ್ಪ ಆ ಚೂರುಗಳು ತೇಲಿಹೋಗುವುದನ್ನೇ ನೋಡಿದ. ಅವನ ಕಣ್ಣು ತುಂಬಿತ್ತು, ನಾಚಿಕೊಳ್ಳದೆ ಒರೆಸಿಕೊಂಡ.

"ಮೊದ್ಲೇ ಹೇಳ್ಲಿಲ್ವಾ ಮಾರಾಯ್ರೆ?" ಎಂದ ನನಗೆ, ಹೆಂಡತಿಯ ಕಡೆ ನೋಡುತ್ತಾ. "ಒಂದು ಸಾಕಿತ್ತು. ಮೂವತ್ತು ವರ್ಷದಿಂದ ಅಲ್ಲೇ ಇದೆ."

ಗುತ್ಯಮ್ಮ ದನಿ ತೆಗೆಯದೆ ತುಟಿ ಮಾತ್ರ ಆಡಿಸಿದಳು. ನೀರು ನೋಡಿ ನಡೆಸಿ ಅಂದಳೆಂದು ನನಗೂ ತಿಳಿಯಿತು.